ಮಠದ ಹಾಸುಗಲ್ಲು: ಹಳೆಯ ಕಲ್ಲುಸೇತುವೆಯನ್ನು ಉಳಿಸಿಕೊಳ್ಳುವ ಬಗೆ

ನಮ್ಮ ತೋಟಕ್ಕೆ ಹೋಗಬೇಕಾದರೆ ಹಳ್ಳ ದಾಟಬೇಕು. ಹಳ್ಳಕ್ಕೆ ಐದು ಅಂಕಣದ ಕಲ್ಲುಸೇತುವೆ ಇದೆ. ಕಂಬಗಳ ನಡುವೆ ನೀರು ಹರಿಯುವ ಒಂದೊಂದು ಕಂಡಿಗೆ ಅಂಕಣ ಎನ್ನುತ್ತೇವೆ. ಊರಿನಲ್ಲಿ ಅದಕ್ಕೆ ಮಠದ ಹಾಸುಗಲ್ಲು ಎಂದು ಹೆಸರು. ಹಳ್ಳದ ಆಚೆ ಈಚೆಯ ನೆಲವೆಲ್ಲ ಒಂದು ಕಾಲಕ್ಕೆ ಮಠದ ಮಾನ್ಯ, ಅಂದರೆ ಮಠಕ್ಕೆ ಇನಾಮಾಗಿ ಬಂದ ನೆಲ. ನಾನು 1983ರಲ್ಲಿ ಹೊಸದುರ್ಗ ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಮಠಕ್ಕೆ ಗೇಣಿ ಅಳೆಯುವ ಕಾಲ ಮುಗಿದಿತ್ತು. 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆ ಬಂತು, ಆಮೇಲೆ 1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆ ಬಂತು. ನಮ್ಮ ಮಾವನವರು ಡಿಕ್ಲರೇಷನ್ ಹಾಕಿ ಮೂರೂವರೆ ಎಕರೆ ಪಡೆದರು. ಅಕ್ಕಪಕ್ಕದ ಗೇಣಿದಾರರಿಗೂ ಅವರವರ ಪಾಲು ಬಂತು. ಸೇತುವೆ ಮಾತ್ರ ಯಾರ ಪಹಣಿಗೂ ಬರಲಿಲ್ಲ.

ಮಠದ ಕಾಲದಲ್ಲಿ ಮುಂಗಾರಿಗೆ ಮೊದಲು ಹಳ್ಳದ ಹೂಳು ಬಿಡಿಸಲು, ಸಂದಿಯ ಗಿಡ ತೆಗೆಯಲು, ಬಿರಿದ ಕಡೆ ಗಾರೆ ಹಚ್ಚಲು ಆಳುಗಳನ್ನು ಕರೆದು, ಸಂಜೆ ರಾಗಿ ಅಳೆದು ಕಳುಹಿಸುತ್ತಿದ್ದರೆಂದು ನಮ್ಮ ಅತ್ತೆ ಹೇಳುತ್ತಿದ್ದರು. ಆ ಕೆಲಸ ನಿಂತು ಹೋದದ್ದನ್ನು ನಾವು ಗಮನಿಸಲೇ ಇಲ್ಲ. ಸೇತುವೆ ನಿಂತೇ ಇತ್ತಲ್ಲ. 2022ರ ಪುಬ್ಬೆ ಮಳೆಗೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟು, 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ನಮ್ಮ ಹಳ್ಳವೂ ಉಕ್ಕಿ ಹರಿಯಿತು. ನೀರು ಇಳಿದ ಮೇಲೆ ನೋಡಿದರೆ ನಡುವಿನ ಕಂಬವೊಂದು ಹೊಟ್ಟೆ ಬಿಟ್ಟಿತ್ತು. ಅದನ್ನು ಸರಿಪಡಿಸಲು ಎರಡು ವರ್ಷ ಹಿಡಿಯಿತು. ಹಳೆಯ ಮಠದ ಜಮೀನಿನಲ್ಲೋ, ದೇವಸ್ಥಾನದ ತೋಟದಲ್ಲೋ, ಕೆರೆಯ ಕಾಲುವೆಯ ಮೇಲೋ ಇಂಥ ಸೇತುವೆ ಇರುವವರಿಗಾಗಿ, ನಾವು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕಲ್ಲನ್ನು ಓದಿ

ಹಾರೆ ಗುದ್ದಲಿ ಹಿಡಿಯುವ ಮುನ್ನ ಒಂದು ದಿನ ಸೇತುವೆಯ ಕೆಳಗೆ ಹೋಗಿ ಸುಮ್ಮನೆ ಕುಳಿತು ನೋಡಿ. ಬೇಸಿಗೆಯಲ್ಲಿ, ಹಳ್ಳ ಒಣಗಿರುವಾಗ, ಬೆಳಿಗ್ಗೆ ಎಂಟು ಗಂಟೆಯ ಓರೆ ಬಿಸಿಲಿನಲ್ಲಿ ಹೋಗುವುದು ಒಳ್ಳೆಯದು. ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಕಾಣದ ಗೀರು, ಗುಳಿ, ಬಿರುಕುಗಳೆಲ್ಲ ಆಗ ನೆರಳು ಹೊತ್ತು ಎದ್ದು ಕಾಣುತ್ತವೆ.

ಚಪ್ಪಡಿಗಳ ಅಂಚನ್ನು ನೋಡಿ. ನಮ್ಮ ಸೇತುವೆಯ ಚಪ್ಪಡಿಗಳ ಅಂಚಿನಲ್ಲಿ ಹಲ್ಲು ಕಚ್ಚಿದಂತೆ ಸಾಲಾಗಿ ಆಯತಾಕಾರದ ಗುಳಿಗಳಿವೆ. ನನ್ನ ಹೆಬ್ಬೆರಳಿನ ಮೊದಲ ಗೆಣ್ಣು ಅದರೊಳಗೆ ಸರಿಯಾಗಿ ಕೂರುತ್ತದೆ. ಬಂಡೆಯ ಮೇಲೆ ಚಾಣದಿಂದ ಹೀಗೆ ಸಾಲುಗುಳಿ ತೋಡಿ, ಬೆಣೆ ಬಡಿದು ಸೀಳಿದ ಕಲ್ಲು ಇದು. ಉದ್ದಕ್ಕೆ ಕೊಳವೆ ಸೀಳಿದಂತೆ ಅರ್ಧ ದುಂಡಗಿನ ಗೀರು ಕಂಡರೆ ಅದು ರಂಧ್ರ ಕೊರೆದು ಒಡೆದ ಕಲ್ಲು, ಈಚಿನ ಕಾಲದ್ದು. ಒಂದೇ ಸೇತುವೆಯಲ್ಲಿ ಎರಡೂ ಇದ್ದರೆ ನಡುವೆ ಯಾವಾಗಲೋ ದುರಸ್ತಿಯಾಗಿದೆ ಎಂದು ತಿಳಿಯಿರಿ. ನಮ್ಮದರಲ್ಲಿ ಇಪ್ಪತ್ತು ಚಪ್ಪಡಿಗಳ ಪೈಕಿ ಮೂರು ಹಾಗೆ ಹೊಸದಾಗಿ ಸೇರಿದವು. ಉಳಿದವುಗಳ ಮೇಲೆ ಗಾಡಿಯ ಕಬ್ಬಿಣದ ಪಟ್ಟಿ ಉಜ್ಜಿ ಉಜ್ಜಿ ಎರಡು ನುಣುಪಾದ ತಗ್ಗುಗಳಾಗಿವೆ. ದಡದ ಕಡೆಯ ಒಂದು ಚಪ್ಪಡಿಯಲ್ಲಿ ಅಳಗುಳಿಮಣೆ ಕೆತ್ತಿದ್ದಾರೆ, ಏಳೇಳು ಗುಳಿಯ ಎರಡು ಸಾಲು. ಮಳೆಯಾದ ಮರುದಿನ ಹದಿನಾಲ್ಕು ಗುಳಿಗಳಲ್ಲೂ ನೀರು ನಿಂತು ಗುಬ್ಬಿಗಳು ಸಾಲಾಗಿ ಕುಡಿಯುತ್ತವೆ.

ಬರಹವಿರುವ ಕಲ್ಲು ಕಂಡರೆ ಅದನ್ನು ಉಜ್ಜಬೇಡಿ, ಸುಣ್ಣ ಬಳಿಯಬೇಡಿ. ಫೋಟೊ ತೆಗೆದುಕೊಳ್ಳಿ. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ನಿಮ್ಮ ಊರಿನ ಶಾಸನ ಅದರಲ್ಲಿದೆಯೇ ಎಂದು ದೊಡ್ಡ ಗ್ರಂಥಾಲಯದಲ್ಲಿ ನೋಡಬಹುದು.

ಕಾಗದದ ಕೆಲಸ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಬಿಡಬೇಡಿ. ಹಳ್ಳದ ಪಾತ್ರ ಸಾಮಾನ್ಯವಾಗಿ ಬಿ ಖರಾಬು, ಅಂದರೆ ಸರ್ಕಾರದ್ದು. ನಿಮ್ಮ ತೋಟದ ನಡುವೆಯೇ ಹರಿದರೂ ಸೇತುವೆ ನಿಮ್ಮ ಸ್ವಂತದ್ದಲ್ಲ. ಗ್ರಾಮ ನಕ್ಷೆ ತೆಗೆಸಿ ನೋಡಿ, ಗ್ರಾಮ ಪಂಚಾಯಿತಿಗೆ ಬರೆದು ಕೊಟ್ಟು ಒಪ್ಪಿಗೆ ಪಡೆಯಿರಿ. ಸೇತುವೆಯಾಗಲಿ ಪಕ್ಕದ ಗುಡಿಯಾಗಲಿ ಸಂರಕ್ಷಿತ ಸ್ಮಾರಕವೇ ಎಂದು ಪುರಾತತ್ವ ಇಲಾಖೆಯಲ್ಲಿ ಕೇಳಿ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಒಂದು ಕಲ್ಲನ್ನೂ ನೀವಾಗಿ ಅಲುಗಿಸುವಂತಿಲ್ಲ. ಸಂರಕ್ಷಿತವಲ್ಲದ ಸೇತುವೆಗೂ ಒಬ್ಬ ಎಂಜಿನಿಯರನ್ನು ಕರೆದು ತೋರಿಸಿ. ಕಂಬ ವಾಲಿದ್ದರೆ, ಚಪ್ಪಡಿ ಸೀಳಿದ್ದರೆ ಅದು ಮನೆಮಂದಿ ಮಾಡುವ ಕೆಲಸವಲ್ಲ. ನಾನು ಮುಂದೆ ಬರೆಯುವುದು ಊರವರೇ ಮಾಡಬಹುದಾದ ಆರೈಕೆಯನ್ನು.

ವರ್ಷಕ್ಕೆರಡು ಸಲದ ತಪಾಸಣೆ

ಭರಣಿ ಮಳೆಗೆ ಮುಂಚೆ ಒಂದು ಸಲ, ಹಿಂಗಾರು ಮುಗಿದು ಹಳ್ಳ ಇಳಿದ ಮೇಲೆ ಇನ್ನೊಂದು ಸಲ. ಬೇಕಾದದ್ದು ಇಷ್ಟೇ: ಚಿಕ್ಕ ಸುತ್ತಿಗೆ, ಆರು ಅಡಿಯ ಕಬ್ಬಿಣದ ಸಲಾಕೆ, ತೂಗುಗುಂಡು, ಟೇಪು, ಒಂದು ಬಕೆಟ್ ನೀರು, ಒಂದು ನೋಟುಪುಸ್ತಕ.

ಚಪ್ಪಡಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಲ್ಲು ಗಂಟೆಯ ಹಾಗೆ ಕಣಕಣ ಎನ್ನುತ್ತದೆ. ಒಳಗೆ ಸೀಳಿದ್ದರೆ ಒಡಕು ಮಡಕೆಯ ದನಿ ಬರುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವವರಿಗೆ ಈ ವಿದ್ಯೆಯನ್ನು ಬೇರೆ ಕಲಿಸಬೇಕಿಲ್ಲ. ಅನುಮಾನವಿದ್ದ ಕಡೆ ನೀರು ಸುರಿದು ಹತ್ತು ನಿಮಿಷ ಬಿಡಿ. ಕಲ್ಲೆಲ್ಲ ಒಣಗಿದ ಮೇಲೂ ಬಿರುಕಿನ ಜಾಡು ಮಾತ್ರ ಒದ್ದೆಯಾಗಿ, ಕಪ್ಪು ದಾರ ಎಳೆದಂತೆ ಉಳಿಯುತ್ತದೆ. ಚಪ್ಪಡಿಯ ಮೇಲ್ಮೈಗಿಂತ ತಳವನ್ನು ಹೆಚ್ಚು ನೋಡಬೇಕು. ಕಲ್ಲು ಅದುಮುವ ಭಾರವನ್ನು ಎಷ್ಟಾದರೂ ತಡೆಯುತ್ತದೆ, ಎಳೆತವನ್ನು ತಡೆಯದು. ಮೇಲೆ ಭಾರ ಬಿದ್ದು ಚಪ್ಪಡಿ ಬಾಗಲು ನೋಡಿದಾಗ ಎಳೆತ ಬೀಳುವುದು ತಳದ ನಡುಭಾಗಕ್ಕೆ. ಬಿರುಕು ಅಲ್ಲಿಂದಲೇ ಶುರು. ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಮುಂದಿನ ಸಲ ಬಂದಾಗ ಬಿರುಕು ಗೆರೆ ದಾಟಿದ್ದರೆ ಆ ಅಂಕಣದ ಮೇಲೆ ಓಡಾಟ ನಿಲ್ಲಿಸಿ.

ಕಂಬದ ಬುಡವನ್ನು ಕಣ್ಣಿನಿಂದ ನೋಡಿದರೆ ಸಾಲದು, ಸಲಾಕೆಯಿಂದ ನೋಡಬೇಕು. ಪ್ರವಾಹದ ಹೊತ್ತಿನಲ್ಲಿ ನೀರು ಕಂಬದ ಮೂತಿಗೆ ಬಡಿದು ಬುಡದ ಮಣ್ಣನ್ನು ಕೊರೆದು ಗುಂಡಿ ಮಾಡುತ್ತದೆ. ನೀರು ಇಳಿಯುವಾಗ ಅದೇ ಗುಂಡಿಗೆ ಸಡಿಲ ಮರಳು ತಂದು ತುಂಬಿ ಹೋಗುತ್ತದೆ. ಬೇಸಿಗೆಯಲ್ಲಿ ನೋಡುವವರಿಗೆ ನೆಲ ಸಮನಾಗಿ ಕಾಣುತ್ತದೆ. ಸಲಾಕೆ ಚುಚ್ಚಿದರೆ ನಿಜ ಗೊತ್ತಾಗುತ್ತದೆ. 2022ರ ಕೊನೆಯಲ್ಲಿ ನಮ್ಮ ಮೂರನೆಯ ಕಂಬದ ಮುಂದೆ ಚುಚ್ಚಿದಾಗ ಸಲಾಕೆ ಬೆಣ್ಣೆಗೆ ಇಳಿದಂತೆ ಮೂರು ಅಡಿ ಇಳಿಯಿತು. ಎರಡು ಮಾರು ಆಚೆ ಒಂದು ಗೇಣಿಗೇ ಗಟ್ಟಿ ನೆಲ ಸಿಕ್ಕಿತು. ಅಂಥ ಕಡೆ ಸಡಿಲ ಮರಳನ್ನು ತೆಗೆದು, ಇಬ್ಬರು ಹೊರುವಂಥ ದೊಡ್ಡ ಕಾಡುಗಲ್ಲುಗಳನ್ನು ಒತ್ತಾಗಿ ಜೋಡಿಸಿ, ಸಂದಿಗೆ ಚಕ್ಕೆ ಬಡಿಯಬೇಕು. ಒಂದು ದಿನದಲ್ಲಿ ತೆಗೆದು ತುಂಬಲು ಆಗುವಷ್ಟನ್ನೇ ತೆಗೆಯಿರಿ, ಕಂಬದ ಬುಡವನ್ನು ಸುತ್ತಲೂ ಒಮ್ಮೆಗೇ ಬಿಚ್ಚಬೇಡಿ. ಸೇತುವೆಯ ಹತ್ತಿರ ಮರಳು ತೆಗೆಯುವವರನ್ನು ಊರೇ ನಿಂತು ತಡೆಯಬೇಕು. ಕಂಬ ನಿಂತಿರುವುದೇ ಆ ಮರಳಿನ ಆಸರೆಯಲ್ಲಿ.

ಇಷ್ಟಾದ ಮೇಲೆ ಅಂಕಣದೊಳಗೆ ಸಿಕ್ಕಿಕೊಂಡ ತೆಂಗಿನ ಗರಿ, ಅಡಿಕೆ ಹಾಳೆ, ಜಾಲಿ ಕೊಂಬೆ, ಪ್ಲಾಸ್ಟಿಕ್ ಎಲ್ಲವನ್ನೂ ಎಳೆದು ದಡಕ್ಕೆ ಹಾಕಿ. ಒಂದು ಅಂಕಣ ಕಟ್ಟಿಕೊಂಡರೆ ಅದರ ಪಾಲಿನ ನೀರು ಪಕ್ಕದ ಕಂಬದ ಮೇಲೆ ಹೋಗುತ್ತದೆ. ಎಳೆದದ್ದಕ್ಕೆ ಅಲ್ಲೇ ಸೇತುವೆಯಡಿ ಬೆಂಕಿ ಇಡಬೇಡಿ. ಹಿಂದೆ ಬಂಡೆಯಿಂದ ಚಪ್ಪಡಿ ಎಬ್ಬಿಸಲು ಕಲ್ಲುಕುಟಿಗರು ಬೆಂಕಿಯನ್ನೇ ಹಾಕುತ್ತಿದ್ದರು. ಕಾದ ಕಲ್ಲು ಪದರ ಬಿಟ್ಟು ಏಳುತ್ತದೆ. ಸೇತುವೆಯಡಿ ಸೋಗೆ ಸುಟ್ಟರೆ ಆಗುವುದೂ ಅದೇ.

ಸಂದಿಯ ಅರಳಿ ಸಸಿ

ಹಕ್ಕಿ ಹಾಕಿದ ಬೀಜದಿಂದ ಅರಳಿ, ಆಲ, ಅತ್ತಿ ಸಂದಿಯಲ್ಲಿ ಹುಟ್ಟುತ್ತವೆ. ಎರಡೆಲೆಯ ಸಸಿಯಾದರೆ ಒದ್ದೆ ನೆಲದಲ್ಲಿ ಬೆರಳಿನಿಂದ ಎಳೆದರೆ ಬರುತ್ತದೆ. ಅರಳಿ ಮರವನ್ನು ಕೀಳಬಾರದು ಎನ್ನುವವರು ಇದ್ದಾರೆ, ಅವರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಬೇರು ಕೆಡದಂತೆ ತೆಗೆದ ಸಸಿಯನ್ನು ನಾವು ಹಳ್ಳದ ದಡದಲ್ಲಿ, ಸೇತುವೆಗೆ ದೂರವಾಗಿ ನೆಡುತ್ತೇವೆ. ಹಾಗೆ ನೆಟ್ಟ ಎರಡು ಈಗ ನೆರಳು ಕೊಡುತ್ತಿವೆ.

ಬೆರಳಿಗಿಂತ ದಪ್ಪವಾಗಿದ್ದರೆ ಖಂಡಿತ ಎಳೆಯಬೇಡಿ. ಬೇರು ಒಳಗೆ ಕವಲೊಡೆದು ಕಲ್ಲನ್ನು ತಬ್ಬಿರುತ್ತದೆ, ಎಳೆದರೆ ಕಲ್ಲನ್ನೂ ಕರೆದುಕೊಂಡು ಬರುತ್ತದೆ. ಕಾಂಡವನ್ನು ಗರಗಸದಿಂದ ಬುಡಕ್ಕೆ ಕೊಯ್ದು, ಹಾಲು ಆರುವ ಮೊದಲೇ ಕಳೆನಾಶಕವನ್ನು ಕುಂಚದಿಂದ ಕೊಯ್ದ ಮುಖಕ್ಕೆ ಮಾತ್ರ ಹಚ್ಚಿ. ಸಿಂಪಡಿಸಬೇಡಿ, ಕೆಳಗೆ ದನ ಕುಡಿಯುವ ನೀರಿದೆ. ಉಪ್ಪು ತುಂಬುವುದು ಹಳೆಯ ರೂಢಿ, ಅದೂ ಬೇಡ. ಉಪ್ಪು ಗಾರೆಯೊಳಗೆ ಇಳಿದು ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಬೇರು ಸತ್ತು ಒಣಗಲು ಒಂದು ಬೇಸಿಗೆ ಕಾಯಿರಿ. ಆಮೇಲೆ ಸಡಿಲವಾಗಿ ಬಂದಷ್ಟನ್ನು ತೆಗೆದು, ಆ ಸಂದಿಯನ್ನು ಗಾರೆಯಿಂದ ಮುಚ್ಚಿ.

ಸಿಮೆಂಟ್ ಯಾಕೆ ಬೇಡ

2004ರಲ್ಲಿ ನಾವೇ, ನಮ್ಮ ಕೈಯಾರೆ ಒಂದು ತಪ್ಪು ಮಾಡಿದೆವು. ನಮ್ಮ ಮನೆಯವರು ಮತ್ತು ಅಕ್ಕಪಕ್ಕದ ತೋಟದವರು ಸೇರಿ ಹನ್ನೆರಡು ಚೀಲ ಸಿಮೆಂಟ್ ತಂದು ಐದೂ ಅಂಕಣದ ಕಂಬಗಳ ಸಂದಿಯನ್ನೆಲ್ಲ ಹೊರಗಿನಿಂದ ಮೆತ್ತಿ ನೀಟಾಗಿ ಗೆರೆ ಎಳೆದರು. ನಾನೇ ಮೂರು ದಿನ ನೀರು ಹೊತ್ತು ಹಾಕಿದೆ. ಊರಿನವರು ಚೆನ್ನಾಗಿ ಕಂಡಿತು ಎಂದರು.

ಕಂಬದ ಹೊರಮೈ ಮಾತ್ರ ಹದ ಮಾಡಿದ ಕಲ್ಲು. ಒಳಹೊಟ್ಟೆಯಲ್ಲಿರುವುದು ಚಕ್ಕೆಕಲ್ಲು, ಮಣ್ಣು, ಸುಣ್ಣ. ಮಳೆನೀರು ಚಪ್ಪಡಿಗಳ ನಡುವಿನಿಂದ ಆ ಹೊಟ್ಟೆಗೆ ಇಳಿಯುತ್ತದೆ. ಪ್ರವಾಹ ಬಂದಾಗ ಕೆಳಗಿನಿಂದಲೂ ತುಂಬುತ್ತದೆ. ಹಳೆಯ ಸಂದಿಗಳಿಂದ ಆ ನೀರು ಒಸರಿ ಹೊರಗೆ ಬರುತ್ತಿತ್ತು. ನಾವು ಅದರ ಬಾಯಿ ಕಟ್ಟಿದೆವು. ಹದಿನೆಂಟು ವರ್ಷ ನೀರು ಒಳಗೇ ನಿಂತು, ಮಣ್ಣು ಸುಣ್ಣವನ್ನು ಕದಡಿ, ಎಲ್ಲೋ ಒಂದು ಸಣ್ಣ ತೂತಿನಿಂದ ಸ್ವಲ್ಪ ಸ್ವಲ್ಪವಾಗಿ ಹೊರಗೆ ಸಾಗಿಸಿತ್ತು. 2023ರ ಜನವರಿಯಲ್ಲಿ, ಎಂಜಿನಿಯರ್ ಹೇಳಿದಂತೆ ಚಪ್ಪಡಿಗಳಿಗೆ ಮರದ ಆಸರೆ ಕೊಟ್ಟ ಮೇಲೆ, ಮೇಸ್ತ್ರಿ ಅಜ್ಜ ಮೂರನೆಯ ಕಂಬದ ಸಿಮೆಂಟನ್ನು ಉಳಿಯಿಂದ ಬಿಡಿಸಿದರು. ಅಂಗೈ ಅಗಲದ ಒಂದು ಹೆಕ್ಕಳೆ ಕಳಚಿತು. ಹಿಂದೆಯೇ ತಣ್ಣಗಿನ ಗಾಳಿ, ಹಳೆಯ ಕೊಟ್ಟಿಗೆಯ ವಾಸನೆ, ಆಮೇಲೆ ರಾಗಿ ಅಂಬಲಿಯಂತೆ ತೆಳ್ಳಗಿನ ಕೆಸರು ಕಲ್ಲಿನ ಮೇಲೆ ಇಳಿಯತೊಡಗಿತು. ಜನವರಿಯಲ್ಲಿ, ಹಳ್ಳ ಒಣಗಿ ವಾರಗಳಾದ ಮೇಲೆ. ಅಜ್ಜ ಕೈ ಒರೆಸಿಕೊಂಡು, "ತಾಯಿ, ಇದಕ್ಕೆ ಉಸಿರು ಕಟ್ಟಿತ್ತು" ಎಂದರು. ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ಸುಣ್ಣದ ಗಾರೆ

ಸುಣ್ಣದ ಗಾರೆ ಗಟ್ಟಿಯಲ್ಲ ಎಂದು ಹೇಳುವವರಿಗೆ ಮಾರಿಕಣಿವೆಯನ್ನು ತೋರಿಸಿ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಆ ಕಟ್ಟೆ ಸುಣ್ಣ-ಸುರ್ಕಿಯದ್ದು. ಸುರ್ಕಿ ಅಂದರೆ ಇಟ್ಟಿಗೆ ಪುಡಿ.

ಬೋರ್ಡೋ ದ್ರಾವಣಕ್ಕೆ ಸುಣ್ಣ ಅರಳಿಸುವ ಅಡಿಕೆ ತೋಟದವರಿಗೆ ಅರ್ಧ ಕೆಲಸ ಗೊತ್ತೇ ಇದೆ. ಸುಟ್ಟ ಸುಣ್ಣದ ಹರಳು ತನ್ನಿ. ಪ್ಲಾಸ್ಟಿಕ್ ಡ್ರಮ್ ಬೇಡ, ಕಬ್ಬಿಣದ್ದು ಬೇಕು, ಯಾಕೆಂದರೆ ಸುಣ್ಣ ಅರಳುವಾಗ ನೀರು ಕುದಿಯುತ್ತದೆ. ಮೊದಲು ನೀರು ತುಂಬಿಕೊಂಡು ಅದಕ್ಕೆ ಹರಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಹರಳಿನ ಮೇಲೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ಶುದ್ಧ ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಳಿದ್ದನ್ನು ಜಾಲರಿಯಲ್ಲಿ ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಮುಚ್ಚಿಡಿ. ಕನಿಷ್ಠ ಒಂದು ತಿಂಗಳು ಇಡಿ. ಹಳೆಯದಾದಷ್ಟೂ ಅದು ಬೆಣ್ಣೆಯಂತೆ ಹದವಾಗುತ್ತದೆ.

ನಾವು ಬಳಸಿದ ಅಳತೆ ಹೀಗೆ: ಸುಣ್ಣದ ಮುದ್ದೆ ಒಂದು ಬುಟ್ಟಿ, ಸುರ್ಕಿ ಒಂದು ಬುಟ್ಟಿ, ತೊಳೆದ ಒರಟು ಮರಳು ಎರಡು ಬುಟ್ಟಿ. ಬರೀ ಸುಣ್ಣ ಗಾಳಿ ತಾಕಿದ ಕಡೆಯಿಂದ ನಿಧಾನವಾಗಿ ಗಟ್ಟಿಯಾಗುತ್ತದೆ. ಒದ್ದೆ ಜಾಗದಲ್ಲಿಯೂ ಕಚ್ಚಿಕೊಳ್ಳಬೇಕಾದರೆ ಸುರ್ಕಿ ಇರಲೇಬೇಕು. ಕಪ್ಪಾಗಿ ಸೀದ ಇಟ್ಟಿಗೆ ಆಗದು, ಹದವಾಗಿ ಬೆಂದ ಕೆಂಪು ಇಟ್ಟಿಗೆಯಾಗಬೇಕು. ನಾವು ಹಳೆಯ ಮನೆ ಬಿಚ್ಚಿದಾಗ ಉಳಿದ ಇಟ್ಟಿಗೆಯನ್ನು ಒನಕೆಯಿಂದ ಕುಟ್ಟಿ ಜರಡಿ ಹಿಡಿದೆವು. ಹೆಂಗಸರೇ ಎಂಟು ಜನ ಕುಳಿತು ನಾಲ್ಕು ದಿನ ಕುಟ್ಟಿದೆವು. ಮೇಸ್ತ್ರಿ ಅಜ್ಜ ಅಳಲೆಕಾಯಿ ನೆನೆಸಿದ ನೀರಿಗೆ ಸ್ವಲ್ಪ ಬೆಲ್ಲ ಕರಗಿಸಿ ಗಾರೆ ಕಲಸಲು ಬಳಸಿದರು. ಬೆಲ್ಲ ಹೆಚ್ಚಾದರೆ ಗಾರೆ ಬೇಗ ಕಚ್ಚುವುದಿಲ್ಲ, ಇರುವೆಯೂ ಮುತ್ತುತ್ತದೆ. ಗಾರೆಯ ಹದ ನೋಡಲು ಕರಣೆಯ ಮೇಲೆ ಒಂದು ಮುದ್ದೆ ಇಟ್ಟು ತಲೆಕೆಳಗು ಮಾಡಿ. ಜಾರದೆ ಅಂಟಿಕೊಂಡಿದ್ದರೆ ಸರಿ. ನೀರು ಹಾಕಿ ತೆಳ್ಳಗೆ ಮಾಡುವ ಆಸೆ ಬೇಡ, ಮತ್ತೆ ಮತ್ತೆ ಕುಟ್ಟಿದರೆ ಅದೇ ಮೆತ್ತಗಾಗುತ್ತದೆ.

ಸಂದಿಯನ್ನು ಒಂದೂವರೆ ಎರಡು ಅಂಗುಲ ಆಳಕ್ಕೆ ಕೆದಕಿ, ಧೂಳು ಊದಿ, ಹಿಂದಿನ ದಿನವೇ ನೀರು ಹೊಡೆದಿಡಿ. ಒಣ ಕಲ್ಲಿಗೆ ಗಾರೆ ಹಚ್ಚಿದರೆ ಕಲ್ಲು ಅದರ ನೀರನ್ನು ಕುಡಿದುಬಿಡುತ್ತದೆ. ಅಗಲ ಸಂದಿಗೆ ಮೊದಲು ಕಲ್ಲುಚಕ್ಕೆ ಒತ್ತಿ, ಆಮೇಲೆ ಗಾರೆಯನ್ನು ಒಂದೇ ಸಲ ತುಂಬದೆ ಪದರ ಪದರವಾಗಿ ಒಳಕ್ಕೆ ಗಿಡಿಯಿರಿ. ಮುಖದಿಂದ ಒಂದು ನೂಲು (ಅಂಗುಲದ ಎಂಟನೆಯ ಒಂದು ಪಾಲು) ಒಳಗೇ ನಿಲ್ಲಿಸಿ, ಕಲ್ಲಿನ ಮೇಲೆ ಮೆತ್ತಬೇಡಿ. ಕೆಳಹರಿವಿನ ಬದಿಯಲ್ಲಿ, ಬುಡದಿಂದ ಮೊಳದೆತ್ತರದಲ್ಲಿ, ಪ್ರತಿ ಕಂಬಕ್ಕೆ ಎರಡು ನಿಲುವು ಸಂದಿಗಳನ್ನು ತುಂಬದೆ ಬಿಡಿ. ಒಳಗಿನ ನೀರಿಗೆ ಅದೇ ದಾರಿ. ಇಡೀ ಕೆಲಸದಲ್ಲಿ ನಾನು ಕಾವಲು ನಿಂತು ಮಾಡಿಸಿದ್ದು ಇದೊಂದನ್ನು. ಕೆಲಸದವರಿಗೆ ತೂತು ಕಂಡರೆ ಕೈ ತಡೆಯುವುದಿಲ್ಲ, ಮುಚ್ಚಿಬಿಡುತ್ತಾರೆ.

ಕೆಲಸಕ್ಕೆ ಕಾಲ ಡಿಸೆಂಬರ್‌ನಿಂದ ಫೆಬ್ರವರಿ. ಹಳ್ಳ ಇಳಿದಿರುತ್ತದೆ, ಬಿಸಿಲು ಸುಡುವುದಿಲ್ಲ, ಮಳೆ ಬರುವುದರೊಳಗೆ ಗಾರೆ ಗಟ್ಟಿಯಾಗಲು ಮೂರು ತಿಂಗಳು ಸಿಗುತ್ತದೆ. ಹಚ್ಚಿದ ಕಡೆ ಒದ್ದೆ ಗೋಣಿ ಇಳಿಬಿಟ್ಟು ಎರಡು ವಾರ ಆರದಂತೆ ನೋಡಿಕೊಳ್ಳಿ. ಸಿಮೆಂಟಿನಂತೆ ನೀರು ಎರಚಿದರೆ ಸುಣ್ಣ ತೊಳೆದು ಹೋಗುತ್ತದೆ, ಗೋಣಿಯನ್ನು ಮಾತ್ರ ನೆನೆಸಿ. ನಾನು ಬೆಳಿಗ್ಗೆ ಹಾಲು ಕರೆದಾದ ಮೇಲೆ ಒಮ್ಮೆ, ಸಂಜೆ ದೀಪ ಹಚ್ಚುವ ಮೊದಲು ಒಮ್ಮೆ ಹೋಗುತ್ತಿದ್ದೆ.

ಭಾರದ ಲೆಕ್ಕ

ನಮ್ಮ ಒಂದು ಚಪ್ಪಡಿ ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ದಪ್ಪ. ತೂಕ ಸುಮಾರು ಒಂದೂವರೆ ಟನ್. ಹೀಗೆ ನಾಲ್ಕು ಸೇರಿ ಒಂದು ಅಂಕಣ. ಮೇಲೆ ನಾಲ್ಕು ಅಂಗುಲ ಕಾಂಕ್ರೀಟ್ ಹಾಕಿಸೋಣ, ಟ್ರ್ಯಾಕ್ಟರ್ ಹೋಗಲು ಅನುಕೂಲ ಎಂದು ಸಲಹೆ ಬಂದಿತ್ತು. ಲೆಕ್ಕ ಹಾಕಿದರೆ ಆ ಕಾಂಕ್ರೀಟ್ ಒಂದೊಂದು ಅಂಕಣಕ್ಕೆ ಸುಮಾರು 1.8 ಟನ್ ಹೊಸ ಭಾರ. ಮೇಲೆ ಟ್ರ್ಯಾಕ್ಟರ್ ಬೇರೆ. ಗಾಡಿ, ದನ, ಜನಕ್ಕಾಗಿ ಹಾಸಿದ ಕಲ್ಲು ಅದು. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆಯನ್ನು ನೋಡಿದ್ದೇನೆ. ಹಂಪಿಯಲ್ಲಿ ತುಂಗಭದ್ರೆಯೊಳಗೆ ಸಾಲಾಗಿ ನಿಂತ ವಿಜಯನಗರ ಕಾಲದ ಸೇತುವೆಯ ಕಂಬಗಳನ್ನೂ ನೋಡಿದ್ದೇನೆ. ಹಂಪಿಯಲ್ಲಿ ಕಂಬಗಳಿವೆ, ಮೇಲೆ ನಡೆಯಲು ಹಾಸಿಲ್ಲ. ಆ ಬರಿಗಂಬಗಳ ಮುಂದೆ ನಿಂತಾಗ ನಮ್ಮ ಹಾಸುಗಲ್ಲೇ ನೆನಪಾಗಿ ಹೊಟ್ಟೆ ಕಿವುಚಿತು.

ನಾವು ಸೇತುವೆಯ ಎರಡೂ ತುದಿಗೆ ಐದಡಿ ಅಂತರ ಬಿಟ್ಟು ಕಲ್ಲುಕಂಬ ನೆಟ್ಟೆವು. ಬೈಕು, ದನ, ಕೈಗಾಡಿ ದಾಟುತ್ತವೆ, ಟ್ರ್ಯಾಕ್ಟರ್ ದಾಟುವುದಿಲ್ಲ. ಟ್ರ್ಯಾಕ್ಟರ್ ಈಗ ಒಂದೂವರೆ ಕಿಲೋಮೀಟರ್ ಸುತ್ತಿಕೊಂಡು ರಸ್ತೆಯ ಸೇತುವೆಯಿಂದ ಬರುತ್ತದೆ. ಡೀಸೆಲ್ ಖರ್ಚಾಗುತ್ತದೆ ಎಂದು ನಮ್ಮ ಮೈದುನ ಮೊದಲ ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಎರಡನೆಯ ವರ್ಷ ಗೋಣಿ ನೆನೆಸಲು ಅವನೇ ಬಂದ.

ನೋಟುಪುಸ್ತಕದಲ್ಲಿ ಪ್ರತಿ ಕಂಬಕ್ಕೆ ಒಂದು ಪುಟ ಇಡಿ. ತಾರೀಖು, ಸಲಾಕೆ ಇಳಿದ ಆಳ, ಬಿರುಕಿನ ಉದ್ದ, ತೂಗುಗುಂಡು ಇಳಿಬಿಟ್ಟಾಗ ದಾರಕ್ಕೂ ಕಲ್ಲಿಗೂ ಇರುವ ಅಂತರ, ಇಷ್ಟನ್ನು ಬರೆದರೆ ಸಾಕು. ದುರಸ್ತಿಗೆ ಮೊದಲು ನಮ್ಮ ಮೂರನೆಯ ಕಂಬದ ಹೊಟ್ಟೆ ಎರಡೂಕಾಲು ಅಂಗುಲ ಮುಂದೆ ಬಂದಿತ್ತು. ಅಜ್ಜ ಆ ಮುಖದ ಕಲ್ಲುಗಳಿಗೆ ಅಂಕಿ ಬರೆದು, ಬಿಚ್ಚಿ, ಅದೇ ಅಂಕಿಯ ಜಾಗದಲ್ಲಿ ಮತ್ತೆ ಕೂರಿಸಿದ ಮೇಲೆ ಅರ್ಧ ಅಂಗುಲ ಉಳಿಯಿತು. ಮೊನ್ನೆ ಹಿಂಗಾರು ಮುಗಿದ ಮೇಲೆ ಅಳೆದಾಗಲೂ ಅಷ್ಟೇ ಇತ್ತು. ಬಿಟ್ಟ ಎರಡು ಸಂದಿಗಳ ಕೆಳಗೆ ಕಲ್ಲು ಒದ್ದೆಯಾಗಿತ್ತು, ಬೆರಳಿಟ್ಟು ನೋಡಿದೆ, ತಿಳಿನೀರು.